ಚಿಂಬಾಲಾದ ತಂಗುಮನೆ

ಬೆಳಗಿನ ಮೊದಲ ಸುತ್ತಿನ ಮಂಡಾಸಿ, ಗೋಧಿಹಿಟ್ಟಿನ ಬೋಂಡಾ, ಎಣ್ಣೆಯಲ್ಲಿ ಉಬ್ಬುತ್ತಿದ್ದಾಗ, ಪಕ್ಕದ ಫೋನ್ ರಿಪೇರಿ ಅಂಗಡಿಯ ರೇಡಿಯೊ ಜಿಲ್ಲೆಯ ಬಜೆಟ್ ಓದತೊಡಗಿತು. ಸರ್ಕಾರದ ದುಡ್ಡು ಎಲ್ಲೆಲ್ಲಿ ಹೋಯಿತೆಂದು ಊರೂರಿನ ಹೆಸರು ಹಿಡಿದು, ಜನರಾಡುವ ಮಾತಿನಲ್ಲೇ ಓದುವ ಪರಿಪಾಠವನ್ನು ರೇಡಿಯೊದವರು ಆ ವರ್ಷ ಶುರುಮಾಡಿದ್ದರು. ರಸ್ತೆಬದಿಯಲ್ಲಿ ಒಲೆ ಹಾಕಿಕೊಂಡು ಮಾರುತ್ತಿದ್ದ ಎನೆಲೆಸಿ ಅರ್ಧ ಕಿವಿ ಮಾತ್ರ ಕೊಟ್ಟಿದ್ದಳು.

"ಚಿಂಬಾಲಾ ಆರೋಗ್ಯ ಕೇಂದ್ರ. ಗರ್ಭಿಣಿಯರ ತಂಗುಮನೆ. ನಾಲ್ಕು ಕೋಟಿ ಎಂಬತ್ತು ಲಕ್ಷ ಕ್ವಾಚಾ. ಕೆಲಸ ಪೂರ್ಣ."

ಅವಳು ತಲೆಯೆತ್ತಿ ನೋಡಿದಳು. ರಸ್ತೆಯಾಚೆ ಆರೋಗ್ಯ ಕೇಂದ್ರದ ಜಗುಲಿಯ ಮೇಲೆ ಏಳು ಜನ ತುಂಬು ಬಸುರಿಯರು ಚಾಪೆ ಹಾಸಿ ಕೂತಿದ್ದರು. ಗುಡ್ಡದಾಚೆಯ ಊರುಗಳಿಂದ ದಿನ ತುಂಬುವ ಮೊದಲೇ ಬಂದು ಕಾಯುವವರು. ಅದರ ಹಿಂದೆ ಖಾಲಿ ಜಾಗದಲ್ಲಿ ಯಾರೋ ಬಿತ್ತಿದ ಮುಸುಕಿನ ಜೋಳ ಆಳೆತ್ತರ ಬೆಳೆದಿತ್ತು.

"ಏ ಫೈಸನ್, ಯಾವ ಚಿಂಬಾಲಾ ಅಂದ್ರು?" ಎಂದು ಅಂಗಡಿಯವನನ್ನು ಕೇಳಿದಳು.

"ಇನ್ನೆಷ್ಟು ಚಿಂಬಾಲಾ ಇದೆ ಅಕ್ಕಾ? ನಮ್ದೇ. ಹೋಗಿ ನೋಡು, ಜೋಳದೊಳಗೆ ಬಚ್ಚಿಟ್ಟಿರ್ತಾರೆ."

ಅವನು ನಕ್ಕ. ಅವಳಿಗೆ ನಗು ಬರಲಿಲ್ಲ. ಹನ್ನೊಂದು ವರ್ಷದಿಂದ ಅವಳೇ ಕೇಂದ್ರದ ಸಮಿತಿಯ ಅಧ್ಯಕ್ಷೆ. ಸಂಬಳವಿಲ್ಲದ ಕೆಲಸ. ಒಂದು ಬಲ್ಬು ಹೋದರೂ ಮೊದಲು ಅವಳಿಗೆ ಹೇಳುತ್ತಿದ್ದರು. ಅಂಥದ್ದರಲ್ಲಿ ಒಂದು ಇಡೀ ಮನೆ ಅವಳಿಗೆ ತಿಳಿಯದೆ ಎದ್ದು ನಿಂತಿತೇ? ಮಂಡಾಸಿ ಒಂದು ಮಗ್ಗುಲು ಸೀದು ಹೋಯಿತು.

ಮರುದಿನವೇ ಅವಳು ಮಿನಿಬಸ್ ಹತ್ತಿ ಜಿಲ್ಲಾ ಕಚೇರಿಗೆ ಹೋದಳು. ಫೈಲು ಸಿಗುತ್ತಿಲ್ಲ ಅಂದರು. ಇನ್ನೊಂದು ಸಲ ಹೋದಾಗ ಬೀರುವಿನ ಕೀ ಇಟ್ಟುಕೊಂಡವರು ಸಾವಿನ ಮನೆಗೆ ಹೋಗಿದ್ದರು. ಮೂರನೆಯ ಸಲ ತಮಾಂಡಾ ಎಂಬ ಗುಮಾಸ್ತೆ ಫೈಲು ತಂದು ಮೇಜಿನ ಮೇಲಿಟ್ಟಳು. ಆದರೆ ಕೈ ತೆಗೆಯಲಿಲ್ಲ.

"ಯಾರು ಕೇಳಿದ್ರೂ ತೋರಿಸ್ಬೇಕು, ಕಾನೂನಿದೆ. ಆದ್ರೆ ಅಮ್ಮಾ, ನಿಮಗೆ ಇದು ಬೇಕಾ?"

"ಮೂರು ಸಲದ ಬಸ್ ಚಾರ್ಜು ನಿಮ್ಮಪ್ಪ ಕೊಡ್ತಾನಾ? ತೆಗಿಯಮ್ಮ ಕೈಯ."

ಕೆಲಸ ಮುಗಿದಿದೆ ಎಂಬ ಪತ್ರ. ಕೆಳಗೆ, ಊರವರ ಪರವಾಗಿ, ಎರಡು ಸಹಿ. ಒಂದು ಊರಿನ ಮುಖ್ಯಸ್ಥ ಲೈಫೋರ್ಡ್‌ನದು. ಅವನು ಅವಳ ಒಡಹುಟ್ಟಿದ ಅಣ್ಣ. ಇನ್ನೊಂದು ಅವಳದೇ.

ಹೋದ ವರ್ಷದ ಸಭೆ ಕಣ್ಣಮುಂದೆ ಬಂತು. ಬಿಳಿ ಪಿಕಪ್ಪಿನಲ್ಲಿ ಬಂದ ಎಂಜಿನಿಯರು, ಎಲ್ಲರಿಗೂ ಒಂದೊಂದು ಬಾಟಲಿ ಸೋಡಾ, ಊಟದ ಖರ್ಚಿಗೆಂದು ಒಂದು ನೋಟು. "ಬಂದೋರ ಹಾಜರಿ ಅಮ್ಮಾ, ಇಲ್ಲೊಂದು ಸಹಿ." ಇಂಗ್ಲಿಷಿನ ಹಾಳೆ, ಮೇಲಿನ ಅರ್ಧ ಒಳಕ್ಕೆ ಮಡಿಸಿತ್ತು. ಬಿಡಿಸಿ ನೋಡಬೇಕೆಂದು ಅವಳಿಗೆ ಹೊಳೆದಿರಲೇ ಇಲ್ಲ.

ಊರಿಗೆ ಮರಳಿದವಳು ಮನೆಗೂ ಹೋಗದೆ ನೇರ ಅಣ್ಣನಲ್ಲಿಗೆ ನಡೆದಳು. ಅವನು ಮಾವಿನ ಮರದಡಿ ಬಲೆ ಹೆಣೆಯುತ್ತಿದ್ದ.

"ಅಣ್ಣಾ, ನೀನು ಓದಿ ಸಹಿ ಹಾಕಿದ್ಯಾ?"

ಅವನು ಬಲೆಯಿಂದ ಕಣ್ಣೆತ್ತಲಿಲ್ಲ. "ನನ್ನ ಮನೆ ಮೇಲೆ ಹೊಸ ತಗಡು ಕಾಣ್ತಿದೆಯಲ್ಲ. ಮತ್ಯಾಕೆ ಕೇಳ್ತೀಯ?"

"ನಿಂಗೆ ತಗಡು, ನಂಗೆ ಸೋಡಾ. ಚೆನ್ನಾಗಿದೆ."

"ಬಾಯಿ ಬಿಟ್ರೆ ಮೊದಲು ಒಳಗೆ ಹೋಗೋಳು ನೀನೇ ಎನೆಲೆಸಿ. ಆ ಎಂಜಿನಿಯರಲ್ಲ. ನೆನಪಿರಲಿ."

ಅದೇ ಅವಳನ್ನು ಕೊರೆಯತೊಡಗಿತು. ಹಿಟ್ಟಿಗೆ ಎರಡೆರಡು ಸಲ ಉಪ್ಪು ಬಿತ್ತು. ಚಿಲ್ಲರೆ ತಪ್ಪಿ ಗಿರಾಕಿಗಳು ರೇಗಿದರು. ಕೂತಲ್ಲಿ ಕೂರಲಾಗದೆ ದಿನಕ್ಕೆ ಹತ್ತು ಸಲ ರಸ್ತೆ ದಾಟಿ ಜಗುಲಿಯವರೆಗೆ ಹೋಗಿ ಬರುತ್ತಿದ್ದಳು. ಒಂದು ಮಧ್ಯಾಹ್ನ ಮೋಡ ಕವಿದಾಗ, ಅಲೆಫಾ ಎಂಬ ಚೊಚ್ಚಲ ಬಸುರಿ ಕೇಳಿದಳು: "ಅಕ್ಕಾ, ಮಳೆ ಬಂದ್ರೆ ಈ ಜಗುಲೀಲಿ ಯಾವ ಕಡೆ ಸರ್ಕೊಂಡ್ರೆ ನೆನೆಯಲ್ಲ?"

ಎನೆಲೆಸಿ ಅವಳ ಚಾಪೆಯನ್ನು ಗೋಡೆಯ ಕಡೆಗೆ ಎಳೆದುಹಾಕಿದಳು.

ಜನ ಪ್ರಶ್ನೆ ಕೇಳಬಹುದಾದ ಜಿಲ್ಲಾ ಸಭೆ ಆ ತಿಂಗಳ ಕೊನೆಗಿತ್ತು. ರೇಡಿಯೊದವರೂ ಮೈಕು ಹಿಡಿದು ಬಂದಿದ್ದರು. ಅಧಿಕಾರಿ ಪಟ್ಟಿ ಓದುತ್ತ ಚಿಂಬಾಲಾಕ್ಕೆ ಬಂದಾಗ ಅವಳು ಎದ್ದು ನಿಂತಳು.

"ಆ ಕಾಗದದ ಮೇಲಿರೋ ಸಹಿ ನಂದು. ಮನೆ ಮಾತ್ರ ಇಲ್ಲ."

ಸಭೆ ಗುಜುಗುಜು ಅಂದಿತು. ಅಧಿಕಾರಿ ಕನ್ನಡಕ ತೆಗೆದ. "ಸುಳ್ಳು ದಾಖಲೆಗೆ ಸಹಿ ಹಾಕೋದು ಅಪರಾಧ, ಗೊತ್ತೇನಮ್ಮಾ?"

"ಗೊತ್ತಿದ್ದೇ ಬಂದೆ ಸ್ವಾಮಿ. ಓದದೆ ಹಾಕ್ದೆ, ತಪ್ಪು ನಂದೇ. ಬರ್ಕೊಳ್ಳಿ. ಅಲ್ಲಿ ಮುಸುಕಿನ ಜೋಳ ಬೆಳೆದಿದೆ, ಅದನ್ನೂ ಬರ್ಕೊಳ್ಳಿ. ನನ್ನ ಕರ್ಕೊಂಡು ಹೋಗೋದಾದ್ರೆ ಬಟ್ಟೆ ಗಂಟು ಇಲ್ಲೇ ಇದೆ." ಗಂಟನ್ನು ಎತ್ತಿ ತೋರಿಸಿದಳು.

ಯಾರೋ ನಕ್ಕರು. ಆಮೇಲೆ ಹಿಂದಿನ ಸಾಲಿನಿಂದ ಇನ್ನೊಬ್ಬ ಎದ್ದ: "ನಮ್ಮೂರಿನ ಸೇತುವೆನೂ ಹಾಗೇ ಸ್ವಾಮಿ. ಹೊಳೆ ಇದೆ, ಸೇತುವೆ ಇಲ್ಲ."

ಪೊಲೀಸರು ಅವಳನ್ನು ನಿಜಕ್ಕೂ ಎರಡು ದಿನ ಕೂರಿಸಿಕೊಂಡು, ಕೇಳಿದ್ದನ್ನೇ ಕೇಳಿ ಬಿಟ್ಟರು. ಎಂಜಿನಿಯರನ್ನು ಬೇರೆ ಜಿಲ್ಲೆಗೆ ಎತ್ತಂಗಡಿ ಮಾಡಿದರು. ವಿಚಾರಣೆ ನಡೆಯುತ್ತಿದೆ ಅಂದರು. ಸಮಿತಿ ಬೇರೆ ಅಧ್ಯಕ್ಷನನ್ನು ಆರಿಸಿಕೊಂಡಿತು. ಅದಕ್ಕೆಲ್ಲ ಅವಳು ಬೇಸರಪಡಲಿಲ್ಲ. ಆದರೆ ಅಣ್ಣ ಅವಳ ಒಲೆಯ ಮುಂದೆಯೇ ಹಾದು ಹೋಗಿ ಆಚೆ ಬದಿಯವಳ ಹತ್ತಿರ ಮಂಡಾಸಿ ಕೊಳ್ಳುವುದನ್ನು ನೋಡಿದಾಗಲೆಲ್ಲ ಬಾಣಲೆಯಲ್ಲಿದ್ದುದು ಸೀಯುತ್ತಿತ್ತು.

ಮಳೆಗಾಲ ಕಳೆದ ಮೇಲೆ ಲಾರಿಗಳು ಬಂದವು. ಜೋಳದ ಕೂಳೆ ಕಿತ್ತು ಪಾಯ ತೋಡಿದರು. ಊರಿಗೆ ಊರೇ ನೋಡಲು ಬಂತು. ಎನೆಲೆಸಿ ತಮಾಂಡಾಳಿಂದ ನಕ್ಷೆಯ ನಕಲು ತಂದಿದ್ದಳು. ನೋಡಲು ಬಂದವರೆಲ್ಲ ಹೋದ ಮೇಲೆ ಪಾಯದ ಉದ್ದಕ್ಕೂ ಹೆಜ್ಜೆ ಹಾಕಿದಳು. ನಕ್ಷೆಯಲ್ಲಿದ್ದ ಅಳತೆಗೆ ಅವಳ ಲೆಕ್ಕದಲ್ಲಿ ಹದಿನಾಲ್ಕು ಹೆಜ್ಜೆ ಬರಬೇಕು. ಹನ್ನೊಂದು ಬಂತು.

"ನಿಮ್ಮ ಹೆಜ್ಜೆ ದೊಡ್ಡದು ಅಕ್ಕಾ," ಎಂದ ಮೇಸ್ತ್ರಿ.

ಅವಳು ಸ್ವಲ್ಪ ಚಿಕ್ಕ ಹೆಜ್ಜೆಯಿಟ್ಟು ಮತ್ತೆ ಅಳೆದಳು. ಹನ್ನೆರಡು. ರಸ್ತೆ ದಾಟಿ ಬಂದು ಒಲೆಯಿಂದ ಬಾಣಲೆ ಇಳಿಸಿದಳು.

"ಫೈಸನ್, ಈ ಮಂಡಾಸಿ ಸ್ವಲ್ಪ ನೋಡ್ಕೋ," ಎಂದು, ಬಾಡಿಗೆಗೆ ಜನರನ್ನು ಕೂರಿಸಿಕೊಂಡು ಹೋಗುವ ಸೈಕಲ್ಲಿನವನೊಬ್ಬನಿಗೆ ಕೈಯಡ್ಡ ಮಾಡಿದಳು. "ಬಸ್ ಸ್ಟ್ಯಾಂಡಿಗೆ. ಜಿಲ್ಲಾ ಕಚೇರಿ ಮುಚ್ಚೋದ್ರೊಳಗೆ ಹೋಗ್ಬೇಕು, ಬೇಗ ತುಳಿ."