ಅಳಿವೆಯವರೆಗೆ

ಹೊಳೆ ಹಿಂದಕ್ಕೆ ಬರುತ್ತಿದೆ, ಅಲ್ಲ, ಕಣ್ಣಿನ ಭ್ರಮೆ ಇರಬೇಕು, ಹೊಳೆ ಎಲ್ಲಿಯಾದರೂ ಹಿಂದಕ್ಕೆ ಬರುತ್ತದೆಯೇ — ಆದರೆ ತೆಂಗಿನ ಸೋಗೆಯೊಂದು ಈ ಪುಟ್ಟ ದೋಣಿಯನ್ನು ದಾಟಿ ಮೇಲಕ್ಕೆ, ಬಂಟ್ವಾಳದ ಕಡೆಗೆ, ತನ್ನಷ್ಟಕ್ಕೆ ತೇಲಿಹೋದದ್ದನ್ನು ರುಕ್ಮಯ್ಯ ಈಗಷ್ಟೇ ಕಂಡಿದ್ದ, ಕಕ್ಕಿಂಜೆಯ ಘಟ್ಟದ ಬುಡದಲ್ಲಿ ಹುಟ್ಟಿ ಅಲ್ಲೇ ಮುದುಕನಾದವನಿಗೆ ನೀರು ಎಂದರೆ ಇಳಿದು ಹೋಗುವುದು, ಹೋದದ್ದು ಹೋಯಿತು. ಉಬ್ಬರ ರುಕ್ಮಯ್ಯಣ್ಣ, ಸಮುದ್ರ ಒಳಗೆ ಬರುವ ಹೊತ್ತು, ಇನ್ನು ಹುಟ್ಟು ಹಾಕಿದರೆ ನನ್ನ ರಟ್ಟೆ ಹೋದೀತೇ ಹೊರತು ದೋಣಿ ಹೋಗ್ಲಿಕ್ಕಿಲ್ಲ, ನೀವಿಬ್ಬರು ಇಳಿದು ಮರಳಲ್ಲಿ ನಡೀರಿ, ನಾನು ನಿಧಾನಕ್ಕೆ ಬರ್ತೇನೆ, ಎಂದ ದೋಣಿಯ ಅಬ್ದುಲ್ಲ, ತಂಗಿ ರಾಜೀವಿ ನೀರಿಗೆ ಕೈ ಇಳಿಬಿಟ್ಟು ಬೆರಳು ನೆಕ್ಕಿ, ಉಪ್ಪು ಅಣ್ಣ, ಉಪ್ಪು, ಎಂದು ನಕ್ಕಳು, ಕಣ್ಣು ಮಾತ್ರ ಎಲ್ಲಿಯೂ ನಿಲ್ಲದೆ. ಬೆಳಕು ಕತ್ತಲೆ ಬಿಟ್ಟರೆ ಆ ಕಣ್ಣಿಗೆ ಈಗ ಏನೂ ತಿಳಿಯದು, ನರ ಒಣಗಿದೆ, ಸ್ವಲ್ಪ ಮೊದಲೇ ತರಬೇಕಿತ್ತು, ಎಂದಿದ್ದರು ಮಂಗಳೂರಿನ ಡಾಕ್ಟ್ರು — ಮೊದಲು ಎಂದರೆ ಯಾವಾಗ, ಎಪ್ಪತ್ತೊಂದನೇ ಇಸವಿಯಲ್ಲೇ, ಗಂಡ ತೀರಿದ ಮೇಲೆ ಅವಳನ್ನು ಮೂಡುಬಿದಿರೆಯಿಂದ ಕರೆತರುವಾಗ ಬಂಟ್ವಾಳ ಪೇಟೆಯಲ್ಲಿ ಬಸ್ಸು ಪಂಕ್ಚರ್ ಆಗಿ, ಹೊಳೆಬದಿಯಲ್ಲಿ ಅವಳು ಒಂದು ದೋಣಿಯನ್ನೇ ನೋಡುತ್ತ ನಿಂತಿದ್ದಳಲ್ಲ, ಇದರಲ್ಲಿ ಕೂತರೆ ಸಮುದ್ರಕ್ಕೇ ಮುಟ್ತದಂತೆ, ಹೋಗುವನಾ ಅಣ್ಣ, ಮತ್ತು ಅವನು, ಹೋಗುವ. ನಾಟಿ ಮುಗಿಯಲಿ ಹೋಗುವ, ಮಳೆ ಬಿಡಲಿ ಹೋಗುವ, ಎಪ್ಪತ್ತನಾಲ್ಕರಲ್ಲಿ ನೆರೆ ಬಂದಾಗ, ನೋಡು, ಇದರಲ್ಲಿ ಹೋಗಬೇಕಿತ್ತಾ ನಿನಗೆ, ನೆರೆ ಇಳಿದ ಮೇಲೆ ಮತ್ತೆ ಹೋಗುವ — ಇಲ್ಲ ಎಂದು ಒಮ್ಮೆಯೂ ಹೇಳಿದವನಲ್ಲ, ಹೇಳಿದ್ದರೆ ಅವಳು ಬೇರೆ ಯಾರ ಜೊತೆಗಾದರೂ ಹೋಗುತ್ತಿದ್ದಳೋ ಏನೋ, ಹೋಗುವ ಎಂಬ ಆ ಒಂದು ಮಾತೇ ಅವಳನ್ನು ಇಷ್ಟು ವರ್ಷ ಜಗಲಿಯಲ್ಲಿ ಕೂರಿಸಿತು.

ಬೆನ್ನಿಗೆ ಕಟ್ಟಿಕೊಂಡ ಗಂಟು ಜಗ್ಗುತ್ತದೆ, ಅವಲಕ್ಕಿ, ಬೆಲ್ಲ, ಅವಳದೊಂದು ಸೀರೆ, ಒಂದು ಚಾಪೆ, ಇಷ್ಟಕ್ಕೇ ಏದುಸಿರು, ಮರಳು ಹೆಜ್ಜೆಯನ್ನು ನುಂಗುತ್ತದೆ, ಅವಳ ಕೈ ಅವನ ಮೊಣಕೈಯಲ್ಲಿ ಹಗುರಾಗಿ ಉಂಟು, ಇದೇ ಕೈ ಗೆರಸೆಯಲ್ಲಿ ತಡಕಾಡುತ್ತಿತ್ತು, ಅಕ್ಕಿಯಲ್ಲಿ ಇಷ್ಟು ಕಲ್ಲು, ಕಣ್ಣು ಎಲ್ಲಿ ಇಟ್ಟಿದ್ದೀ ನೀನು, ಎಂದು ಅವನೇ ಒಂದು ದಿನ ಬಟ್ಟಲು ದೂಡಿ ಎದ್ದಿದ್ದ, ಅವಳು ಮರುದಿನದಿಂದ ಬಿಸಿಲಿಗೆ ಕೂತು ಅಕ್ಕಿ ಆರಿಸಿದಳು, ಆಗಲಾದರೂ ತಿಳಿಯಬೇಡವೇ ಮನುಷ್ಯನಿಗೆ, ತಂಗಿ ಯಾಕೆ ಬಿಸಿಲಿಗೆ ಹೋಗಿ ಕೂರುತ್ತಾಳೆ ಎಂದು. ದಿಬ್ಬ ಏರಿ ಇಳಿದದ್ದೇ ಸಮುದ್ರ ಎದುರಿಗೇ ಬಂತು, ಅವನೂ ಕಾಣುವುದು ಇದೇ ಮೊದಲು. ಹೇಗುಂಟು ಅಣ್ಣ, ಹೇಳು. ನೀರುಂಟು. ನೀರಾ, ನೀರು ನಮ್ಮ ಬಾವಿಯಲ್ಲಿಯೂ ಉಂಟು ಮಾರಾಯ, ಇದಕ್ಕೆ ನನ್ನನ್ನು ಇಷ್ಟು ದೂರ ಕರ್ಕೊಂಡು ಬಂದದ್ದಾ? ತುಂಬ ನೀರುಂಟು. ಅವಳು ನಕ್ಕು ನಕ್ಕು ಅವನ ತೋಳು ಬಿಟ್ಟಳು, ಸೆರಗು ಗಾಳಿಗೆ ಹಾರಿತು, ಹಿಡಿಯಲು ಹೋಗಿ ಒಂದು ಸುತ್ತು ತಿರುಗಿ ನಿಂತಳು, ಭೋರ್ಗರೆತ ಎಲ್ಲ ಕಡೆಯಿಂದಲೂ ಬರುತ್ತಿತ್ತು, ಎಲ್ಲಿಂದ ಎಂದು ಹೇಗೆ ಗೊತ್ತಾಗಬೇಕು — ಬೆಳಗಿನ ಸೂರ್ಯ ತೆಂಗಿನ ತಲೆಗಳ ಮೇಲೆ, ಊರಿನ ಕಡೆಗೆ, ಅವಳು ಅತ್ತಲೇ ಮುಖ ಮಾಡಿ, ಹಣೆಗೆ ಅಂಗೈ ಅಡ್ಡ ಹಿಡಿದು, ಅಯ್ಯೋ ಅಣ್ಣ, ಕಾಣ್ತದೆ, ಎಷ್ಟು ಬೆಳಕು, ಇಷ್ಟು ದೊಡ್ಡದಾ ಇದು! ತಿರುಗಿಸಬೇಕು, ಭುಜ ಹಿಡಿದು ತಿರುಗಿಸಿದರೆ ಆಯಿತು, ಸಮುದ್ರ ನಿನ್ನ ಬೆನ್ನ ಹಿಂದೆ ಉಂಟು ಎಂದರೆ ಆಯಿತು, ಆದರೆ ತಿರುಗಿಸಿದರೆ ಆ ಕಡೆ ಅವಳಿಗೆ ಮಬ್ಬು, ಕತ್ತಲೆ — ಹಣೆಗೆ ಅಂಗೈ, ತುಟಿಯಲ್ಲಿ ನಗು — ಅಥವಾ ಅವಳಿಗೆ ಗೊತ್ತುಂಟೋ, ಗೊತ್ತಿದ್ದೇ ಅಣ್ಣನಿಗಾಗಿ ಹೇಳುತ್ತಾಳೋ, ಕೇಳುವುದು ಹೇಗೆ, ಸರಿಯಾಗಿ ನೋಡ್ತಾ ಇದ್ದೇನಲ್ಲ ಅಣ್ಣ, ಎಂದು ಅವಳೇ ಕೇಳುತ್ತಿದ್ದಾಳೆ, ಅಬ್ದುಲ್ಲ ದೂರದಿಂದ ಏನೋ ಕೂಗುತ್ತಾನೆ, ರುಕ್ಮಯ್ಯ ಎತ್ತಿದ ಕೈ ಅವಳ ಭುಜಕ್ಕೆ ಇನ್ನೂ ತಾಗಿಲ್ಲ, ಹೂಂ ಅನ್ನಬೇಕು, ಊಹೂಂ ಅನ್ನಬೇಕು, ಅವಳ ಬೆನ್ನ ಹಿಂದೆ ಅಷ್ಟು ನೀರು, ಹಣೆಗೆ ಅಡ್ಡ ಹಿಡಿದ ಅಂಗೈ, ಅದರ ನೆರಳಿನಲ್ಲಿ ರೆಪ್ಪೆ ಬಡಿಯದ ಎರಡು ಕಣ್ಣು, ತೆಂಗಿನ ಕಡೆಗೆ