ನಗಿಸಿ ನೋಡುವ ಕುರ್ಚಿ

ಗೋಪುರದ ಬಾಗಿಲಿಗೆ ಬೀಗ ಜಡಿದಿತ್ತು. ಒಳಗೆ ದುರಸ್ತಿಯಂತೆ! ಅಷ್ಟು ದೂರದಿಂದ ಪ್ರವಾಸಿಗರನ್ನು ಕಟ್ಟಿಕೊಂಡು ಬಂದಿದ್ದ ಗೈಡಿನ ಮುಖ ಹುಳ್ಳಗಾಯಿತು. ದಿಕ್ಕು ತೋಚದೆ ಅವರನ್ನೆಲ್ಲ ಹಿಂದಿನ ಓಣಿಗೆ, ಬೆತ್ತದ ಕುರ್ಚಿ ಹೆಣೆಯುವ ತನ್ನ ಸೋದರತ್ತೆಯ ಅಂಗಡಿಗೆ ನುಗ್ಗಿಸಿದ.

“ಊರಿಗೆಲ್ಲ ದಾರಿ ತೋರಿಸೋನಿಗೆ ಅತ್ತೆ ಅಂಗಡಿ ದಾರಿ ಇವತ್ತು ಸಿಕ್ತಾ?” ಎಂದಳು ಅತ್ತೆ. ಆಮೇಲೆ ಪ್ರವಾಸಿಗರ ಕಡೆ ತಿರುಗಿ, “ಒಳ್ಳೇ ಹೊತ್ತಿಗೆ ಬಂದ್ರಿ. ಎಲ್ಲರೂ ಕೂತ್ಕೊಂಡು ನಗಿ!” ಎಂದಳು.

ಆ ಅಂಗಡಿಯ ಪದ್ಧತಿಯೇ ಹಾಗೆ. ಹೊಸದಾಗಿ ಹೆಣೆದ ಕುರ್ಚಿಯಲ್ಲಿ ಯಾರಾದರೂ ಕೂತು ಹೊಟ್ಟೆ ಹುಣ್ಣಾಗುವಂತೆ ನಗಬೇಕು. ಕುರ್ಚಿ ಕಿರ್ ಎಂದರೆ ಬಿಚ್ಚಿ ಮತ್ತೆ ಹೆಣೆಯುವುದು.

ಪ್ರವಾಸಿಗರು ಮುಖ ಮುಖ ನೋಡಿಕೊಂಡರು. ಹೇಳಿದ ತಕ್ಷಣ ನಗು ಬರುತ್ತದೆಯೇ? ಆಗ ಅತ್ತೆ, ಈ ಅಳಿಯ ಚಿಕ್ಕವನಿದ್ದಾಗ ಹೆಣಿಗೆಯಿಲ್ಲದ ಕುರ್ಚಿಯೊಳಗೆ ಸಿಕ್ಕಿಕೊಂಡು, ಕುರ್ಚಿ ಸಮೇತ ಶಾಲೆಗೆ ಹೋಗಿ ಹಾಜರಿ ಹೇಳಿದ ಕಥೆ ತೆಗೆದಳು. ಕುರ್ಚಿಗಳಲ್ಲಿ ಕೂತಿದ್ದವರೆಲ್ಲ ಅಂಗಡಿಯೇ ಅಲ್ಲಾಡುವಂತೆ ನಕ್ಕರು. ಒಂದು ಕುರ್ಚಿಯೂ ಕಿರ್ ಎನ್ನಲಿಲ್ಲ.

“ಹೊರಡೋಣ್ವಾ?” ಎಂದ ಗೈಡು. ಯಾರೂ ಏಳಲಿಲ್ಲ. ಉಳಿದಿದ್ದ ಒಂದೇ ಕುರ್ಚಿಯಲ್ಲಿ ಅವನೂ ಕೂತು, ತಡೆಯಲಾರದೆ ನಕ್ಕುಬಿಟ್ಟ.

“ಕಿರ್ ಅಂತು! ಇದನ್ನ ಮತ್ತೆ ಹೆಣೀಬೇಕು. ನಾಳೆನೂ ನೀನೇ ಬಂದು ಕೂತ್ಕೋಬೇಕು ಕಣೋ,” ಎಂದಳು ಅತ್ತೆ.

ಬೇರೆ ಯಾರ ಕಿವಿಗೂ ಏನೂ ಕೇಳಿಸಿರಲಿಲ್ಲ.