ಒಂದೇ ಡಬ್ಬಿಯ ನೀಲಿ

ಚಳಿ ಕಳೆದು ಬಿಸಿಲಿಗೆ ಇನ್ನೂ ಹಲ್ಲು ಬಂದಿರದ ದಿನಗಳು. ಬೆಳಗಿನ ಹತ್ತು ಗಂಟೆ ಇರಬೇಕು. ಬೋರ್ಡು ಬರೆಯುವ ತಾತ ಕಿಟಕಿಯ ಬಳಿ ಕುಳಿತು ಕುಂಚಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕುತ್ತಿದ್ದ. ಬರೆಯಲು ಬೋರ್ಡು ಸಿಕ್ಕದೆ ಆರು ತಿಂಗಳಾಗಿತ್ತು. ಆದರೂ ಕುಂಚ ನೆನೆಸುವುದನ್ನು ಬಿಟ್ಟಿರಲಿಲ್ಲ.

ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಮೊಮ್ಮಗಳು, ಅವಳ ಗೆಳೆಯ ಉದ್ದನೆಯವನು, ಗೆಳತಿ ಸೋಡಾಬುಡ್ಡಿ ಕನ್ನಡಕದವಳು, ಮೂವರೂ ಕಂಪ್ಯೂಟರುಗಳ ಮುಂದೆ ತಲೆಯ ಮೇಲೆ ಕೈಹೊತ್ತು ಕುಳಿತಿದ್ದರು.

ಮೂರು ವರ್ಷ ಕೂಡಿ ಕಟ್ಟಿದ ಆಪರೇಟಿಂಗ್ ಸಿಸ್ಟಂ ಅವರದು. ಕಂಪ್ಯೂಟರು ಕಣ್ಣು ಬಿಟ್ಟಾಗಿನಿಂದ ಮುಚ್ಚುವ ತನಕ ಮನೆಯೊಡತಿಯ ಹಾಗೆ ಎಲ್ಲವನ್ನೂ ನೋಡಿಕೊಳ್ಳುವುದು ಅದೇ. ಹೆಸರು ಮಿಂಚುಳ್ಳಿ. ಗ್ರಂಥಾಲಯದ ನಲವತ್ತು ಕಂಪ್ಯೂಟರುಗಳಿಗೆ ಅದನ್ನು ಹಾಕಿಸೋಣವೆಂದು ನೋಡಲು ಬಂದ ಮುಖ್ಯಸ್ಥೆ ಹತ್ತೇ ನಿಮಿಷಕ್ಕೆ ಎದ್ದುಬಿಟ್ಟಿದ್ದರು.

"ಕೆಲಸವೇನೋ ಚೆನ್ನಾಗಿ ಮಾಡುತ್ತೆ. ಆದ್ರೆ ಪರದೆ ಮೇಲೆ ತೆರೆಯೋ ಒಂದೊಂದು ಕಿಟಕಿನೂ ಒಂದೊಂದು ಮನೆಯಿಂದ ಕಿತ್ತು ತಂದ ಹಾಗಿದೆ. ನಮ್ಮಲ್ಲಿಗೆ ಬರೋರು ವಯಸ್ಸಾದೋರು, ದಿಕ್ಕು ತಪ್ತಾರೆ. ಮುಂದಿನ ಬುಧವಾರ ಇನ್ನೊಂದ್ಸಲ ನೋಡ್ತೀನಿ. ಅಷ್ಟೇ."

ಅವರೂ ಬೇಡವೆಂದರೆ ಮಿಂಚುಳ್ಳಿಗೆ ಕೂರಲು ಬೇರೆ ಕೊಂಬೆ ಇರಲಿಲ್ಲ.

"ತಾತ, ಮಿಂಚುಳ್ಳಿ ರೆಕ್ಕೆ ನೀಲಿ ಹೇಗೆ ಬೆರೆಸ್ತೀಯಾ?" ಎಂದು ಮೊಮ್ಮಗಳು ಕೇಳಿದಳು.

ತಾತ ಎದ್ದು ಬಂದು ನೋಡಿದ. ಮೂರು ಪರದೆ, ಮೂರು ನೀಲಿ.

"ಇದರಲ್ಲಿ ಯಾವುದಮ್ಮಾ ನಿಮ್ಮ ನೀಲಿ?"

"ಎಲ್ಲಾ ಒಂದೇ ನೀಲಿ ತಾತ!" ಮೂವರೂ ಒಟ್ಟಿಗೆ ಹೇಳಿದರು.

"ಅಳತೆ?"

"ಕಣ್ಣಳತೆ," ಎಂದ ಉದ್ದನೆಯವನು.

ತಾತನಿಗೆ ನಗು ತಡೆಯಲಿಲ್ಲ. ನಲವತ್ತು ವರ್ಷದ ಹಿಂದೆ ಅವನೂ ಹೀಗೇ ಮಾಡಿದ್ದ. ದರ್ಜಿಯ ಅಂಗಡಿಗೆ ಮುಂದಿನ ಬೋರ್ಡು ಒಂದು ದಿನ, ಪಕ್ಕದ ಬೋರ್ಡು ಮಾರನೆಯ ದಿನ, ಎರಡಕ್ಕೂ ಕಣ್ಣಂದಾಜಿನ ಬಣ್ಣ. ಜನ ಎರಡು ಅಂಗಡಿ ಎಂದುಕೊಂಡು, ಪಕ್ಕದ ದರ್ಜಿ ಬಟ್ಟೆ ಕೆಡಿಸುತ್ತಾನೆಂದು ಆ ದರ್ಜಿಯ ಹತ್ತಿರವೇ ಚಾಡಿ ಹೇಳಿದ್ದರು.

"ಈ ಪೆಟ್ಟಿಗೆ ಚಿತ್ರದ ನೆರಳು ಎಡಕ್ಕೆ, ಈ ಕಾಗದದ್ದು ಬಲಕ್ಕೆ. ಎಷ್ಟಮ್ಮಾ ಸೂರ್ಯ ನಿಮ್ಮೂರಲ್ಲಿ?" ಎಂದ ತಾತ, ಪರದೆಯ ಚಿತ್ರಗಳತ್ತ ಬೆರಳು ತೋರಿಸಿ.

"ಮೂರು ತಾತ, ತಲೆಗೊಂದು," ಎಂದಳು ಕನ್ನಡಕದವಳು.

ಅಂದಿನಿಂದ ತಾತನ ಕಟ್ಟಳೆ ನಡೆಯಿತು. ಬೆಳಕು ಎಡಗಡೆ ಮೇಲಿನಿಂದ, ನೆರಳು ಬಲಕ್ಕೆ ಕೆಳಗೆ. ನೀಲಿಯ ಅಂಕಿ, ಗೆರೆಯ ದಪ್ಪ, ಮೂಲೆಯ ದುಂಡು ಎಲ್ಲವನ್ನೂ ಒಂದೇ ಕಡತದಲ್ಲಿ ಬರೆದಿಟ್ಟು ಅದಕ್ಕೆ 'ಡಬ್ಬಿ' ಎಂದು ಹೆಸರಿಟ್ಟರು. ಯಾರೇ ಏನೇ ಬರೆಯಲಿ, ಅದರಲ್ಲೇ ಅದ್ದಬೇಕು. ಯಾರಾದರೂ ಕಣ್ಣಳತೆಗೆ ಇಳಿದರೆ ತಾತ ತನ್ನ ಅಳತೆಕೋಲಿನಿಂದ ಮೇಜು ಕುಟ್ಟುತ್ತಿದ್ದ.

ಮಂಗಳವಾರ ಎಲ್ಲ ಮುಗಿಯಿತೆಂದಾಗ ತಾತ ಕೇಳಿದ, "ಹಿಂಬದಿ ಬರೆದ್ರಾ?"

"ಕಂಪ್ಯೂಟರಿಗೆ ಎಲ್ಲಿಯ ಹಿಂಬದಿ ತಾತ? ಬರೀ ವೈರು!"

"ತೂಗುಬೋರ್ಡಿನ ಹಿಂಬದಿ ಕಣೇ, ಅಂಗಡಿಯಿಂದ ಹೊರಟೋನಿಗೆ ಕಾಣೋದು."

ಮೂವರೂ ನಕ್ಕರು. ತಾತ ತನ್ನ ಕುಂಚಗಳ ಬಳಿಗೆ ಹೋದ.

ಬುಧವಾರ ಮುಖ್ಯಸ್ಥೆ ಬಂದು ಕುಳಿತರು. ಪರದೆಯ ಮೇಲೆ ಮಿಂಚುಳ್ಳಿ ರೆಕ್ಕೆ ಬಿಚ್ಚಿತು. ಆಮೇಲೆ ತೆರೆದದ್ದೆಲ್ಲ ಒಂದೇ ತಾಯಿಯ ಮಕ್ಕಳ ಹಾಗಿತ್ತು. ಅವರ ಮುಖ ಅರಳಿತು. "ಚೆನ್ನಾಗಿದೆ," ಎನ್ನುತ್ತ ಕಂಪ್ಯೂಟರ್ ಮುಚ್ಚುವ ಗುಂಡಿ ಒತ್ತಿದರು.

ಪರದೆ ಕೆಂಪಗಾಯಿತು. ನಡುವೆ ಒಂದು ದಪ್ಪನೆಯ ಹಳದಿ ಬೆಕ್ಕು ಕೈ ಬೀಸಿತು.

ಮೊದಲ ವಾರದಲ್ಲಿ ಉದ್ದನೆಯವನು ತಮಾಷೆಗೆ ಬರೆದಿದ್ದ ಬೆಕ್ಕು ಅದು. ಮೂರು ವರ್ಷದಲ್ಲಿ ಈ ಮೂವರು ತಮ್ಮ ಕಂಪ್ಯೂಟರನ್ನು ಒಮ್ಮೆಯೂ ಪೂರ್ತಿ ಮುಚ್ಚಿರಲಿಲ್ಲ, ರೀಸ್ಟಾರ್ಟ್ ಮಾಡುವವರು, ಇಲ್ಲವೇ ಹಾಗೇ ನಿದ್ದೆಗೆ ಹಾಕಿ ಏಳುವವರು. ಬೆಕ್ಕು ಅಲ್ಲೇ ಬೆಚ್ಚಗೆ ಉಳಿದಿತ್ತು.

"ಬರುವಾಗ ಮಿಂಚುಳ್ಳಿ, ಹೋಗುವಾಗ ಬೆಕ್ಕು. ಏನ್ರಪ್ಪಾ, ಹಕ್ಕಿನ ಅದೇ ತಿಂತಾ?" ಎಂದರು ಮುಖ್ಯಸ್ಥೆ, ಕೈಚೀಲ ಎತ್ತಿಕೊಳ್ಳುತ್ತ.

ತಾತ ಒಂದು ಲೋಟ ಚಹಾ ತಂದು ಮುಖ್ಯಸ್ಥೆಯ ಕೈಗಿತ್ತ.

"ಬಿಸಿ ಇದೆ ಮೇಡಂ, ನಿಧಾನಕ್ಕೆ ಕುಡೀರಿ." ಆಮೇಲೆ ಮೊಮ್ಮಗಳತ್ತ ತಿರುಗಿದ. "ಡಬ್ಬಿ ಇದೆಯಲ್ಲೇ ಪುಟ್ಟಿ. ಅದ್ದು."

ಯಾವ ನೀಲಿ, ಎಷ್ಟು ದಪ್ಪ ಎಂದು ಕೇಳುವ ಗೋಜೇ ಇರಲಿಲ್ಲ. ಲೋಟ ಅರ್ಧವಾಗುವಷ್ಟರಲ್ಲಿ, "ಈಗ ಮುಚ್ಚಿ ನೋಡಿ ಮೇಡಂ," ಎಂದಳು ಮೊಮ್ಮಗಳು. ಅದೇ ನೀಲಿಯ ಹಕ್ಕಿ ರೆಕ್ಕೆ ಮಡಚಿ ಕುಳಿತಿತು. ಪರದೆ ಮೆಲ್ಲಗೆ ಕತ್ತಲಾಯಿತು.

"ಹೋದ ಸಲ ಇದನ್ನ ಹೇಳಿದ್ದಿದ್ರೆ ಎಷ್ಟು ದಿನ ತಗೋತಿದ್ರಿ?" ಎಂದು ಮುಖ್ಯಸ್ಥೆ ಕೇಳಿದರು.

"ಒಂದು ವಾರ. ಅದರಲ್ಲಿ ಆರು ದಿನ ಜಗಳಕ್ಕೇ," ಎಂದ ಉದ್ದನೆಯವನು.

ಮುಖ್ಯಸ್ಥೆ ಮನಸಾರೆ ನಕ್ಕರು. "ಹಾಗಾದ್ರೆ ನಲವತ್ತಕ್ಕೂ ಹಾಕಿ. ನಮ್ಮ ಬಾಗಿಲ ತೂಗುಬೋರ್ಡೂ ಮಾಸಿದೆ. ಇದೇ ನೀಲೀಲಿ ಬರೆಯೋರು ಯಾರಾದ್ರೂ ಗೊತ್ತಾ?"

ಮೂರು ಬೆರಳು ಒಟ್ಟಿಗೆ ತಾತನ ಕಡೆ ತಿರುಗಿದವು.

ಏಣಿಯ ಒಂದು ತುದಿ ತಾತನ ಹೆಗಲ ಮೇಲೆ, ಇನ್ನೊಂದು ಮೊಮ್ಮಗಳ ಹೆಗಲ ಮೇಲೆ.

"ಹಿಂಬದಿನೂ ಬರೀತೀಯಾ ತಾತ?"

"ಮೊದಲು ಅದನ್ನೇ ಕಣೇ."

ಹಾಗೆ ಆರು ತಿಂಗಳ ಮೇಲೆ ತಾತ ಮತ್ತೆ ಕೆಲಸಕ್ಕೆಂದು ಮನೆಯಿಂದ ಹೊರಟದ್ದು ಗುರುವಾರ.